ಮರಳುವಾಗ ಬಾಲ ಮುಂದಾಗುವುದೇಕೆ?

ಬಾಹ್ಯಾಕಾಶ ಯಾನದ ಕಂಪ್ಯೂಟರ್ ಆಟ ಕರ್ಬಲ್ ಸ್ಪೇಸ್ ಪ್ರೋಗ್ರಾಮಿನಲ್ಲಿ ನೀವು ಕಟ್ಟಿದ, ಏರುವಾಗ ನೆಟ್ಟಗೆ ಹಾರುವ ವಿಮಾನ ಕಕ್ಷೆಯಿಂದ ಮರಳುವಾಗ ಬಾಲ ಮುಂದಾಗಿ ತಿರುಗುತ್ತದೆ, ರೆಕ್ಕೆ ಸಾಲದೇ ಎಂದು ಕೇಳಿದ್ದೀರಿ. ರೆಕ್ಕೆಯನ್ನು ಮುಟ್ಟಬೇಡಿ; ನೋಡಬೇಕಾದದ್ದು ಇಂಧನವನ್ನು. ವಿಮಾನ ಜೋಡಿಸುವ ಆಟದ ಹ್ಯಾಂಗರಿನಲ್ಲಿ ಕಾಣುವ ಹಳದಿ ಗೋಲ ದ್ರವ್ಯರಾಶಿಯ ಕೇಂದ್ರ, ನೀಲಿ ಗೋಲ ಎತ್ತುವ ಬಲದ ಕೇಂದ್ರ. ನೀಲಿ ತುಸು ಹಿಂದಿರಬೇಕು. ನೀವು ಕಳಿಸಿದ ಚಿತ್ರದಲ್ಲಿ ಹಾಗೆಯೇ ಇದೆ, ಆದರೆ ಅದು ಟ್ಯಾಂಕು ತುಂಬಿರುವಾಗಿನ ಸ್ಥಿತಿ. ಎಂಜಿನ್ನುಗಳೆಲ್ಲ ಬಾಲದಲ್ಲಿ, ಟ್ಯಾಂಕುಗಳೆಲ್ಲ ಮೂತಿಯ ಕಡೆ. ಇಂಧನ ಮುಗಿಯುತ್ತ ಬಂದಂತೆ ಹಳದಿ ಗೋಲ ಹಿಂದೆ ಸರಿದು ನೀಲಿಯನ್ನು ದಾಟುತ್ತದೆ. ಅಲ್ಲಿಂದ ಮುಂದೆ ಮೂತಿ ಕೊಂಚ ಎದ್ದರೂ ಸಾಕು, ಗಾಳಿ ಅದನ್ನು ಇನ್ನಷ್ಟು ಎತ್ತಿ ಮಗುಚಿಬಿಡುತ್ತದೆ.

ಹ್ಯಾಂಗರಿನಲ್ಲೇ ಪ್ರತಿ ಟ್ಯಾಂಕಿನ ಮೇಲೆ ಬಲ ಕ್ಲಿಕ್ ಮಾಡಿ ಇಂಧನವನ್ನು ಸೊನ್ನೆಗೆ ಇಳಿಸಿ, ಹಳದಿ ಗೋಲ ಎಲ್ಲಿಗೆ ಓಡುತ್ತದೆಂದು ನೋಡಿ. ಟ್ಯಾಂಕುಗಳನ್ನು ಆ ಗೋಲದ ಎರಡೂ ಬದಿಗೆ ಹಂಚಿದರೆ ಅದು ಹೆಚ್ಚು ಅಲುಗಾಡುವುದಿಲ್ಲ. ಈಗಿನ ವಿನ್ಯಾಸವನ್ನೇ ಉಳಿಸಿಕೊಳ್ಳುವುದಾದರೆ, 70 ಕಿಲೋಮೀಟರ್ ಎತ್ತರದಲ್ಲಿ ಆಟದ ಗ್ರಹದ ವಾತಾವರಣ ಶುರುವಾಗುವ ಮೊದಲೇ ಉಳಿದ ಇಂಧನವನ್ನು ಮುಂದಿನ ಟ್ಯಾಂಕಿಗೆ ಪಂಪ್ ಮಾಡಿ.

ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ನಾವು ನೋಡುವ ತೇಜಸ್ ಬೇಕೆಂದೇ ಅಸ್ಥಿರವಾಗಿ ರೂಪಿಸಿದ ವಿಮಾನ, ನಿಜ. ಆದರೆ ಅದನ್ನು ಕ್ಷಣಕ್ಷಣಕ್ಕೂ ಕಂಪ್ಯೂಟರ್ ಹಿಡಿದಿಡುತ್ತದೆ. ವಿಮಾನವನ್ನು ಸ್ಥಿರವಾಗಿಡುವ ಆಟದ ಸಹಾಯಕ ವ್ಯವಸ್ಥೆಯಾದ ಎಸ್‌ಎಎಸ್ ಮೇಲೆ ಅಷ್ಟು ಭಾರ ಹೊರಿಸಬೇಡಿ.

ಇನ್ನೊಂದು ಮಾತು: ನೀಲಿ ಗೋಲ ಗಾಳಿಯ ಎಳೆತವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂತಿಯ ಬಳಿಯ ಎಳೆತವೂ ಮೂತಿಯನ್ನು ಹಿಂದಕ್ಕೆ ತಳ್ಳುತ್ತದೆ; ಅಲ್ಲಿ ನೀವು ಅಂಟಿಸಿರುವ ಬಿಡಿ ಉಪಕರಣಗಳನ್ನು ಸರಕು ಕೋಣೆಯೊಳಗೆ ಇಟ್ಟು ಬಾಗಿಲು ಮುಚ್ಚಿ.