ಟ್ರೆಟಿಯಾಕ್‌ಗೆ ಐದು, ಹೊಲೆಚೆಕ್‌ಗೆ ಒಂದು: ಈ ಲೆಕ್ಕ ಎಲ್ಲಿ ಎಡವುತ್ತದೆ

ಸರ್, 1970-80ರ ದಶಕದ ಐಸ್ ಹಾಕಿ ಆಟಗಾರರನ್ನು ತವರಿನ ಪ್ರಶಸ್ತಿಗಳ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿದ ನಿಮ್ಮ ಪಟ್ಟಿ ನೋಡಿದೆ. ಸೋವಿಯತ್ ಒಕ್ಕೂಟದ ವರ್ಷದ ಆಟಗಾರ ಪ್ರಶಸ್ತಿ ಗೋಲ್‌ಕೀಪರ್ ಟ್ರೆಟಿಯಾಕ್‌ಗೆ ಐದು ಸಲ, ಜೆಕೊಸ್ಲೊವಾಕಿಯಾದ ಅಂಥದ್ದೇ ಪ್ರಶಸ್ತಿಯಾದ ಚಿನ್ನದ ಸ್ಟಿಕ್ ಫಾರ್ವರ್ಡ್ ಮಾರ್ಟಿನೆಟ್ಸ್‌ಗೆ ನಾಲ್ಕು ಸಲ, ಗೋಲ್‌ಕೀಪರ್ ಹೊಲೆಚೆಕ್‌ಗೆ ಒಂದೇ ಸಲ. ಹಾಗಾಗಿ ಟ್ರೆಟಿಯಾಕ್ ಮೊದಲು, ಹೊಲೆಚೆಕ್ ಎಲ್ಲೋ ಕೊನೆಗೆ, ಇದು ಸರಿನಾ ಅಂತ ಕೇಳಿದ್ದೀರಿ. ನಾನೂ ಮೊದಲ ಸಲ ಎಕ್ಸೆಲ್ ಶೀಟ್ ಮಾಡಿದಾಗ ಎರಡೂ ದೇಶದ ಪ್ರಶಸ್ತಿಗಳನ್ನು ಒಂದೇ ಕಾಲಮ್ಮಿಗೆ ಹಾಕಿ ಕೂಡಿಬಿಟ್ಟಿದ್ದೆ. ಅಲ್ಲೇ ತಪ್ಪು. ಅವು ಎರಡು ಬೇರೆ ಮನೆಯ ಚುನಾವಣೆಗಳು. ಮತ ಹಾಕಿದವರೂ ಬೇರೆ, ಎದುರಾಳಿಗಳೂ ಬೇರೆ.

ಟ್ರೆಟಿಯಾಕ್ 1974, 75, 76, 81, 83ರಲ್ಲಿ ಗೆದ್ದ. ಹಿಂದಿಕ್ಕಿದ್ದು ಯಾರನ್ನು? ಮಿಖಾಯ್ಲೊವ್, ಖಾರ್ಲಾಮೊವ್, ಯಾಕುಶೆವ್, ಮಾಲ್ಟ್ಸೆವ್, ಆಮೇಲೆ ಮಕಾರೊವ್. ಮಾರ್ಟಿನೆಟ್ಸ್ 1973, 75, 76, 79ರಲ್ಲಿ ಗೆದ್ದ. ಅವನ ಎದುರು ಇದ್ದವರು ಪೊಸ್ಪಿಶಿಲ್, ನೊವಿ, ಹ್ಲಿಂಕಾ, ಹೊಲೆಚೆಕ್. ಈ ಎರಡು ಗುಂಪಲ್ಲಿ ಯಾವುದು ಗಟ್ಟಿ ಅನ್ನುವುದೇ ನಿಮ್ಮ ಪ್ರಶ್ನೆ. ಉತ್ತರ ಗೊತ್ತಿದೆ ಅಂದುಕೊಂಡೇ ಲೆಕ್ಕ ಶುರು ಮಾಡಿದರೆ ಹೇಗೆ?

ಮತದಾರರ ರುಚಿಯೂ ಒಂದೇ ಅಲ್ಲ. ಚಿನ್ನದ ಸ್ಟಿಕ್ ಶುರುವಾದದ್ದು 1969ರಲ್ಲಿ. ಮೊದಲ ನಾಲ್ಕೂ ವರ್ಷ ಡಿಫೆಂಡರ್‌ಗಳಿಗೇ ಹೋಯಿತು: 1969, 70ರಲ್ಲಿ ಯಾನ್ ಸುಖಿ, 1971, 72ರಲ್ಲಿ ಪೊಸ್ಪಿಶಿಲ್. ಸೋವಿಯತ್ ಕಡೆ ನೋಡಿ. 1968ರಿಂದ 1990ರವರೆಗೆ ಈ ಪ್ರಶಸ್ತಿ ಗೆದ್ದ ಡಿಫೆಂಡರ್ ಫೆಟಿಸೊವ್ ಒಬ್ಬನೇ, ಅದೂ ಎರಡೇ ಸಲ. ವ್ಯಾಲೆರಿ ವಾಸಿಲಿಯೆವ್ 1973, 77, 79ರ ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲಿ ಅತ್ಯುತ್ತಮ ಡಿಫೆಂಡರ್ ಆದ. ತವರಲ್ಲಿ ಮಾತ್ರ ಒಂದು ಸಲವೂ ಗೆಲ್ಲಲಿಲ್ಲ. ನಿಮ್ಮ ಪಟ್ಟಿಯಲ್ಲಿ ಅವನ ಹೆಸರೇ ಇಲ್ಲ. ಸೊನ್ನೆ ಇದ್ದವರನ್ನು ಬಿಟ್ಟಿದ್ದೀರಿ ಅಂತ ಕಾಣುತ್ತದೆ.

ಹಾಗಾದರೆ ಏನು ಮಾಡುವುದು? ತವರಿನ ಮತ ತವರಿನವರನ್ನು ಹೋಲಿಸಲು ಮಾತ್ರ ಇರಲಿ. ಎರಡು ದೇಶ ಹೋಲಿಸಬೇಕಾದರೆ ಇಬ್ಬರೂ ಒಂದೇ ಐಸ್ ಮೇಲೆ, ಒಂದೇ ಜನರ ಕಣ್ಣೆದುರು ಆಡಿದ ಜಾಗಕ್ಕೆ ಹೋಗಿ. ಅದು ವಿಶ್ವ ಚಾಂಪಿಯನ್‌ಶಿಪ್. ಅಲ್ಲಿ ಎರಡು ಬಗೆಯ ಆಯ್ಕೆ ಇತ್ತು. 1954ರಿಂದ ಸಂಘಟಕರು ಒಬ್ಬ ಗೋಲ್‌ಕೀಪರ್, ಒಬ್ಬ ಡಿಫೆಂಡರ್, ಒಬ್ಬ ಫಾರ್ವರ್ಡ್ ಆರಿಸುತ್ತಿದ್ದರು. 1961ರಿಂದ ಪತ್ರಕರ್ತರು ಆರು ಜನರ ಆಲ್‌ಸ್ಟಾರ್ ತಂಡ ಆರಿಸಿದರು. ಎರಡಕ್ಕೂ ಬೇರೆ ಬೇರೆ ಕಾಲಮ್ ಮಾಡಿ, ಕೂಡಬೇಡಿ.

ಈಗ ಗೋಲ್‌ಕೀಪರ್‌ಗಳ ವಿಷಯಕ್ಕೆ ಬನ್ನಿ, ಮಜಾ ಇರುವುದೇ ಇಲ್ಲಿ. ಸಂಘಟಕರ ಆಯ್ಕೆಯಲ್ಲಿ ಹೊಲೆಚೆಕ್ ಐದು ಸಲ: 1971, 73, 75, 76, 78. ಟ್ರೆಟಿಯಾಕ್ ಮೂರು ಸಲ: 1974, 79, 83. ತವರಿನಲ್ಲಿ 5-1 ಇದ್ದದ್ದು ಇಲ್ಲಿ 3-5 ಆಯಿತು. ವರ್ಷಗಳನ್ನು ಇನ್ನೊಮ್ಮೆ ನೋಡಿ. ಇಬ್ಬರೂ ಎದುರುಬದುರು ಇದ್ದದ್ದು 1972ರಿಂದ 78ರವರೆಗೆ. ಅಷ್ಟರಲ್ಲಿ ಹೊಲೆಚೆಕ್‌ಗೆ ನಾಲ್ಕು, ಟ್ರೆಟಿಯಾಕ್‌ಗೆ ಒಂದು! ಟ್ರೆಟಿಯಾಕ್‌ನ ಉಳಿದ ಎರಡೂ ಬಂದದ್ದು ಹೊಲೆಚೆಕ್ ರಾಷ್ಟ್ರೀಯ ತಂಡ ಬಿಟ್ಟ ಮೇಲೆ.

1973ರ ಮಾಸ್ಕೋ ಟೂರ್ನಿ ತಗೊಳ್ಳಿ. ಸೋವಿಯತ್ ತಂಡ ಹತ್ತಕ್ಕೆ ಹತ್ತೂ ಪಂದ್ಯ ಗೆದ್ದು ಸರಿಯಾಗಿ 100 ಗೋಲು ಹೊಡೆಯಿತು. ಜೆಕೊಸ್ಲೊವಾಕಿಯಾ ಮೂರನೇ ಸ್ಥಾನ. ಆದರೂ ಅತ್ಯುತ್ತಮ ಗೋಲ್‌ಕೀಪರ್ ಹೊಲೆಚೆಕ್. 1975ರಲ್ಲೂ ಸೋವಿಯತ್ ಹತ್ತಕ್ಕೆ ಹತ್ತು. ಆಗ ಸಂಘಟಕರು ಹೊಲೆಚೆಕ್‌ನನ್ನು ಆರಿಸಿದರು, ಪತ್ರಕರ್ತರು ಟ್ರೆಟಿಯಾಕ್‌ನನ್ನು. ಒಂದೇ ಟೂರ್ನಿ, ಒಂದೇ ಪಂದ್ಯಗಳು, ಎರಡು ತೀರ್ಪು. ಎದುರಾಳಿಗೆ ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಬಳಸುವ ಬಿಲ್ಲೆ) ಸಿಗದಂತೆಯೇ ಆಡುವ ತಂಡದ ಹಿಂದೆ ನಿಂತ ಗೋಲ್‌ಕೀಪರ್‌ಗೆ ಎಷ್ಟು ಅಂಕ ಕೊಡಬೇಕು? ಆಯ್ಕೆ ಮಾಡಿದವರಿಗೂ ಇದು ಬಗೆಹರಿದಿರಲಿಲ್ಲ ಅಂತ ನನಗನ್ನಿಸುತ್ತದೆ.

ಮತ್ತೆ ಟ್ರೆಟಿಯಾಕ್ ಹೆಸರು ಯಾಕೆ ಅಷ್ಟು ದೊಡ್ಡದು? ಅವನು ಕೆನಡಾದಲ್ಲಿ ಆಡಿದ ಆಟದಿಂದ. ಕೆನಡಾ ಮತ್ತು ಸೋವಿಯತ್ ತಂಡಗಳ ನಡುವಿನ 1972ರ ಸಮ್ಮಿಟ್ ಸರಣಿ ಎಲ್ಲರಿಗೂ ಗೊತ್ತು. 1975ರ ಡಿಸೆಂಬರ್ 31ರಂದು ಮಾಂಟ್ರಿಯಲ್‌ನಲ್ಲಿ ಅವನ ಮಾಸ್ಕೋ ಕ್ಲಬ್ ಸಿಎಸ್‌ಕೆಎ, ಅಲ್ಲಿನ ವೃತ್ತಿಪರ ತಂಡ ಕೆನೇಡಿಯನ್ಸ್ ಜೊತೆ 3-3 ಡ್ರಾ ಮಾಡಿತು. ಗೋಲಿನತ್ತ ಕೆನೇಡಿಯನ್ಸ್ 38 ಶಾಟ್ ಹೊಡೆದರೆ ಸಿಎಸ್‌ಕೆಎ ಹೊಡೆದದ್ದು 13. ಆ ದಿನ ಅವನಿಗೆ ಕೈತುಂಬ ಕೆಲಸ, ಮಾಡಿ ತೋರಿಸಿದ. 1981ರ ಕೆನಡಾ ಕಪ್‌ನಲ್ಲಿ (ದೇಶಗಳ ನಡುವಿನ ಟೂರ್ನಿ) ಸೋವಿಯತ್ ತಂಡ ಕೆನಡಾ ವಿರುದ್ಧ ಫೈನಲ್ 8-1 ಗೆದ್ದಿತು, ಟೂರ್ನಿಯ ಶ್ರೇಷ್ಠ ಆಟಗಾರ ಅವನೇ. ಹೊಲೆಚೆಕ್‌ನ 1976ರ ಕೆನಡಾ ಕಪ್ ಫೈನಲ್ ಅಷ್ಟು ಚೆನ್ನಾಗಿರಲಿಲ್ಲ. ಎರಡನೇ ಪಂದ್ಯದಲ್ಲಿ ಬೇಗನೆ ಗೋಲು ಬಿಟ್ಟುಕೊಟ್ಟ, ಅವನ ಬದಲು ತಂಡದ ಇನ್ನೊಬ್ಬ ಗೋಲ್‌ಕೀಪರ್ ಜುರಿಲ್ಲಾ ಬರಬೇಕಾಯಿತು. ನನ್ನ ತೀರ್ಪು ಕೇಳಿದರೆ, 1973ರಿಂದ 78ರವರೆಗೆ ಯೂರೋಪಿನ ಐಸ್ ಮೇಲೆ ಹೊಲೆಚೆಕ್ ಒಂದು ಹೆಜ್ಜೆ ಮುಂದೆ. ಇಡೀ ಆಟದ ಬದುಕು ನೋಡಿದರೆ ಟ್ರೆಟಿಯಾಕ್. ಆದರೆ 5-1 ಅನ್ನುವಷ್ಟು ದೂರ ಖಂಡಿತ ಇಲ್ಲ.

ನೀವು ಹೇಳಿದ 2008ರ ಶತಮಾನದ ತಂಡದ ಮತವೂ ಇದೆ, ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ ಆರಿಸಿದ ಆರು ಜನರ ತಂಡ. 16 ದೇಶದ 56 ತಜ್ಞರು ಹಾಕಿದ್ದು. ಫೆಟಿಸೊವ್‌ಗೆ 54 ಮತ, ಕೆನಡಾದ ದಿಗ್ಗಜ ಗ್ರೆಟ್ಸ್‌ಕಿಗೂ ಅಷ್ಟು ಬರಲಿಲ್ಲ. ಟ್ರೆಟಿಯಾಕ್, ಖಾರ್ಲಾಮೊವ್, ಮಕಾರೊವ್ ಮೂವರೂ ತಂಡದಲ್ಲಿದ್ದಾರೆ. ಜೆಕೊಸ್ಲೊವಾಕಿಯಾದಿಂದ ಒಬ್ಬರೂ ಇಲ್ಲ. ಆದರೆ ಆರು ಜಾಗಕ್ಕೆ ಆರು ಹೆಸರು ಬರೆಯುವ ಮತ ಅದು. ಏಳನೆಯವನು ಎಷ್ಟು ಹತ್ತಿರ ಇದ್ದ ಅಂತ ಅದರಿಂದ ತಿಳಿಯುವುದಿಲ್ಲ. ಮೂವತ್ತು ವರ್ಷ ಕಳೆದ ಮೇಲೆ ಟಿವಿಯಲ್ಲಿ ಜಾಸ್ತಿ ಕಂಡವರೇ ನೆನಪಿಗೆ ಬರುತ್ತಾರೆ, ಅಲ್ವಾ? ನಾನಾದರೆ ಆಯಾ ವರ್ಷವೇ ಹಾಕಿದ ಮತವನ್ನೇ ಹೆಚ್ಚು ನಂಬುತ್ತೇನೆ.

ಶೀಟ್ ತಿದ್ದುವಾಗ ಎರಡು ವಿಷಯ ನೆನಪಿರಲಿ. 1980, 84, 88ರಲ್ಲಿ ಒಲಿಂಪಿಕ್ಸ್ ಇದ್ದುದರಿಂದ ವಿಶ್ವ ಚಾಂಪಿಯನ್‌ಶಿಪ್ ನಡೆಯಲಿಲ್ಲ. ಆ ಮನೆಗಳನ್ನು ಖಾಲಿ ಬಿಡಿ, ಸೊನ್ನೆ ಹಾಕಬೇಡಿ. ಇಲ್ಲದಿದ್ದರೆ ಆಯಾ ವರ್ಷ ತವರಿನ ಪ್ರಶಸ್ತಿ ಗೆದ್ದ 1980ರ ಪೀಟರ್ ಶ್ಟಾಸ್ಟ್ನಿ, 1984ರ ದ್ರೊಜ್ದೆಟ್ಸ್‌ಕಿ, 1988ರ ಲಾರಿಯೊನೊವ್ ಸುಮ್ನೆ ಪೆಟ್ಟು ತಿನ್ನುತ್ತಾರೆ. ಇನ್ನೊಂದು, ದೇಶ ಬಿಟ್ಟುಹೋದವರು. ಜೆಕೊಸ್ಲೊವಾಕಿಯಾದ ನೆಡೊಮಾನ್ಸ್‌ಕಿ 1974ರ ವಿಶ್ವ ಚಾಂಪಿಯನ್‌ಶಿಪ್‌ನ ಅತ್ಯುತ್ತಮ ಫಾರ್ವರ್ಡ್. ಅದೇ ಬೇಸಿಗೆಯಲ್ಲಿ ತಪ್ಪಿಸಿಕೊಂಡು ಟೊರೊಂಟೊ ಸೇರಿದ. ಅವನಿಗೆ ಚಿನ್ನದ ಸ್ಟಿಕ್ ಒಂದೂ ಇಲ್ಲ. 1974ರ ನಂತರದ ಅವನ ಮನೆಗಳನ್ನೂ ಖಾಲಿಯೇ ಬಿಡಿ.

ಮಾಲ್ಟ್ಸೆವ್ ಸಾಲಿಗೆ ಪಕ್ಕದಲ್ಲಿ ಕ್ಲಬ್ ಹೆಸರು ಬರೆಯಿರಿ, ದಿನಾಮೊ ಮಾಸ್ಕೋ. ಸಿಎಸ್‌ಕೆಎ 1977ರಿಂದ 89ರವರೆಗೆ ಸತತ 13 ಸಲ ಸೋವಿಯತ್ ಲೀಗ್ ಗೆದ್ದಿತು. ಮಾಲ್ಟ್ಸೆವ್ ಒಂದು ಸಲವೂ ಲೀಗ್ ಗೆಲ್ಲಲಿಲ್ಲ. ಆದರೂ 1970, 72, 81ರಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ ಅತ್ಯುತ್ತಮ ಫಾರ್ವರ್ಡ್ ಆದ. ಪೆಟ್ರೊವ್‌ನನ್ನೂ ಸೇರಿಸಿ. ಲೀಗ್‌ನಲ್ಲಿ ಐದು ಸಲ ಅತಿ ಹೆಚ್ಚು ಪಾಯಿಂಟ್ ಗಳಿಸಿದವನು, ಮಿಖಾಯ್ಲೊವ್ ಮತ್ತು ಖಾರ್ಲಾಮೊವ್ ನಡುವೆ ಆಡಿದ್ದಕ್ಕೋ ಏನೋ, ವರ್ಷದ ಆಟಗಾರ ಒಂದು ಸಲವೂ ಆಗಲಿಲ್ಲ. ತಿದ್ದಿದ ಮೇಲೆ ಶೀಟ್ ಇಲ್ಲೇ ಹಾಕಿ ಸರ್, ಡಿಫೆಂಡರ್‌ಗಳ ಸಾಲುಗಳನ್ನು ನಾನು ತುಂಬಿಕೊಡುತ್ತೇನೆ.