ಈಟನ್‌ನ ಚಳಿಗಾಲದ ಟರ್ಮ್: ಆಟ ಬಾರದ ಹುಡುಗ ಏನು ಮಾಡುತ್ತಾನೆ?

ಮೇಡಂ, ಮಗ ಸೆಪ್ಟೆಂಬರ್‌ಗೆ ಇಂಗ್ಲೆಂಡಿನ ಹುಡುಗರ ವಸತಿ ಶಾಲೆ ಈಟನ್ ಸೇರುತ್ತಿದ್ದಾನೆ, ಓಡಾಟದ ಆಟ ಅಂದ್ರೆ ಆಗಲ್ಲ, ಚಳಿಗಾಲ ಹೇಗೆ ಕಳೆಯುತ್ತಾನೋ ಎಂದು ಕೇಳಿದ್ದೀರಿ. ಅಷ್ಟು ತಲೆ ಕೆಡಿಸಿಕೊಳ್ಳಬೇಡಿ.

ಕ್ರಿಸ್‌ಮಸ್‌ಗೆ ಮುಂಚಿನ ಆ ಟರ್ಮ್‌ನಲ್ಲಿ ಫುಟ್‌ಬಾಲ್, ರಗ್ಬಿಯದೇ ಜೋರು, ನಿಜ. ಆದರೆ ಅವನಿಗೆ ಫೈವ್ಸ್ ಎಂಬ ಆಟ ಹಿಡಿಸಬಹುದು. ರ‍್ಯಾಕೆಟ್ ಇಲ್ಲ, ಗ್ಲೌಸ್ ಹಾಕಿದ ಕೈಯಿಂದಲೇ ಚೆಂಡನ್ನು ಗೋಡೆಗೆ ಹೊಡೆಯುವುದು. ಒಂದೊಂದು ಕಡೆ ಇಬ್ಬರೇ. ಹಿಂದೆ ಹುಡುಗರು ಅಲ್ಲಿನ ಚಾಪೆಲ್‌ನ (ಶಾಲೆಯ ಪ್ರಾರ್ಥನಾ ಮಂದಿರದ) ಹೊರಗೋಡೆಗೆ ಚೆಂಡು ಹೊಡೆದು ಆಡುತ್ತಿದ್ದರು. ಆ ಗೋಡೆಗೆ ಆಸರೆಯಾಗಿ ಚಾಚಿದ ಕಲ್ಲುಕಟ್ಟೆ, ಮೆಟ್ಟಿಲು ಎಲ್ಲವನ್ನೂ ಇಂದಿನ ಕೋರ್ಟ್‌ನಲ್ಲೂ ಹಾಗೇ ಕಟ್ಟುತ್ತಾರೆ. ಚೆಂಡು ಅಲ್ಲಿ ತಾಗಿ ಎತ್ತ ಹಾರುತ್ತದೋ ಹೇಳೋಕಾಗಲ್ಲ. ಓಟಕ್ಕಿಂತ ಕಣ್ಣು, ಕೈ ಚುರುಕಾಗಿರಬೇಕು.

ನವೆಂಬರ್ ಕೊನೆಗೆ ಸೇಂಟ್ ಆ್ಯಂಡ್ರೂಸ್ ದಿನದ ವಾಲ್ ಗೇಮ್ ಇರುತ್ತದೆ, ಗೋಡೆಗೆ ಅಂಟಿಕೊಂಡೇ ಆಡುವ ಈಟನ್‌ನದೇ ಚೆಂಡಾಟ. ಅದನ್ನು ಸುಮ್ನೆ ನಿಂತು ನೋಡಲಿ. ಉದ್ದ ಗೋಡೆ, ಅದರ ಬುಡದಲ್ಲಿ ಕಿರಿದಾದ ಕೆಸರಿನ ಪಟ್ಟಿ, ಅಲ್ಲಿ ಒಬ್ಬರ ಮೇಲೊಬ್ಬರು ಬಿದ್ದ ಹುಡುಗರು. ಚೆಂಡು ಕಾಣೋದೇ ಅಪರೂಪ. ಆ ದಿನದ ಪಂದ್ಯದಲ್ಲಿ ಕೊನೆಯ ಗೋಲು ಬಿದ್ದಿದ್ದು 1909ರಲ್ಲಿ!

ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು. ಸಂಜೆಗೆ ನಾಟಕ, ಸಂಗೀತ, ಹುಡುಗರೇ ನಡೆಸುವ ಸೊಸೈಟಿಗಳು, ಅಂದ್ರೆ ಆಸಕ್ತಿಯ ಕೂಟಗಳು ಇವೆ. ಮೊದಲ ವರ್ಷದಿಂದಲೇ ಸ್ವಂತ ರೂಮು ಬೇರೆ. ನಾಚಿಕೆಯ ಹುಡುಗನಿಗೆ ನನ್ನ ಪ್ರಕಾರ ಇದೇ ದೊಡ್ಡ ಅನುಕೂಲ.

ದುಬಾರಿ ಬೂಟು ಮಾತ್ರ ಈಗಲೇ ಕೊಳ್ಳಬೇಡಿ. ಹದಿಮೂರರ ಕಾಲು ಜಾಸ್ತಿ ದಿನ ಒಂದೇ ಸೈಜಿನಲ್ಲಿ ಇರಲ್ಲ, ಅಲ್ವಾ?