ಫ್ರೆಂಚ್ ಸೇನೆ ಸೋಲದಿದ್ದರೂ ಅಲ್ಜೀರಿಯಾಗೆ ಸ್ವಾತಂತ್ರ್ಯ ಸಿಕ್ಕಿದ್ದು ಹೇಗೆ?

ಪ್ರಶ್ನೆ: ಅಲ್ಜೀರಿಯಾದಲ್ಲಿ ಫ್ರೆಂಚ್ ಸೇನೆ ಯುದ್ಧ ಸೋಲಲಿಲ್ಲ ಅಂತ ಓದಿದೆ. ಹಾಗಾದರೆ ಫ್ರಾನ್ಸ್ ಬಿಟ್ಟು ಹೋಗಿದ್ದು ಯಾಕೆ? ಹೊಸ ಸರ್ಕಾರ ಯಾರ ಕೈಗೆ ಬಂತು?

ಉತ್ತರ: ನೀವು ಓದಿದ್ದು ಬಹುಪಾಲು ಸರಿ. ಅಲ್ಜೀರಿಯಾ ಆಗ ಫ್ರಾನ್ಸಿನ ಆಳ್ವಿಕೆಯಲ್ಲಿತ್ತು. 1954ರ ನವೆಂಬರ್ 1ರಂದು ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ರಾಷ್ಟ್ರೀಯ ವಿಮೋಚನಾ ರಂಗ (ಎಫ್‌ಎಲ್‌ಎನ್) ದಾಳಿ ಶುರು ಮಾಡಿತು. ಫ್ರಾನ್ಸ್ ನಾಲ್ಕು ಲಕ್ಷದಷ್ಟು ಸೈನಿಕರನ್ನು ಇಳಿಸಿತು. 1957ರಲ್ಲಿ ರಾಜಧಾನಿ ಅಲ್ಜೀರ್ಸ್‌ನ ಹಳೇ ಪೇಟೆ ಕಸ್ಬಾದ ಗಲ್ಲಿಗಳಲ್ಲಿದ್ದ ಹೋರಾಟಗಾರರ ಜಾಲವನ್ನು ಮುರಿದೂ ಹಾಕಿತು. ಆದರೆ ಮುರಿದದ್ದು ಹೇಗೆ? ಹಿಡಿದವರಿಗೆ ಕರೆಂಟ್ ಕೊಟ್ಟು, ನೀರಲ್ಲಿ ಮುಳುಗಿಸಿ ಬಾಯಿ ಬಿಡಿಸಿದರು. ಆ ಸುದ್ದಿ ಪ್ಯಾರಿಸ್‌ಗೆ ಮುಟ್ಟಿದಾಗ ಫ್ರೆಂಚರಲ್ಲೇ ಅನೇಕರಿಗೆ ಈ ಯುದ್ಧದ ಬಗ್ಗೆ ಅಸಹ್ಯ ಹುಟ್ಟಿತು.

1958ರ ಮೇನಲ್ಲಿ ಅಲ್ಜೀರ್ಸ್‌ನ ಫ್ರೆಂಚ್ ವಲಸಿಗರು, ಸೇನಾಧಿಕಾರಿಗಳು ತಮ್ಮ ಸರ್ಕಾರದ ವಿರುದ್ಧವೇ ತಿರುಗಿಬಿದ್ದರು. ಆ ಸರ್ಕಾರ ಬಿದ್ದು, ಎರಡನೇ ಮಹಾಯುದ್ಧದ ಫ್ರೆಂಚ್ ನಾಯಕ ಡಿ ಗಾಲ್ ಅಧಿಕಾರಕ್ಕೆ ಬಂದರು. ಅಂದರೆ ಈ ಯುದ್ಧ ಮೊದಲು ಉರುಳಿಸಿದ್ದು ಫ್ರಾನ್ಸಿನ ಸರ್ಕಾರವನ್ನೇ! 1960ರ ಡಿಸೆಂಬರ್‌ನಲ್ಲಿ ಅದೇ ಡಿ ಗಾಲ್ ಅಲ್ಜೀರಿಯಾಗೆ ಬಂದಾಗ ಬಡವರ ಕೇರಿಗಳಿಂದ ಜನ ಎಫ್‌ಎಲ್‌ಎನ್‌ನ ಹಸಿರು-ಬಿಳಿ ಬಾವುಟ ಹಿಡಿದು ಬೀದಿ ತುಂಬಿದರು. 'ಜನ ನಮ್ಮ ಕಡೆ ಇದ್ದಾರೆ' ಅನ್ನುವ ಫ್ರಾನ್ಸಿನ ಮಾತು ಅಲ್ಲಿಗೆ ಮುಗಿಯಿತು. 1962ರ ಮಾರ್ಚ್ 18ರಂದು ಫ್ರಾನ್ಸ್ ಮತ್ತು ಎಫ್‌ಎಲ್‌ಎನ್ ನಡುವೆ ಯುದ್ಧ ನಿಲ್ಲಿಸುವ ಎವಿಯಾನ್ ಒಪ್ಪಂದ ಆಯಿತು, ಜುಲೈನಲ್ಲಿ ಸ್ವಾತಂತ್ರ್ಯ.

ಇನ್ನು ಸರ್ಕಾರದ ವಿಷಯ. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯ ಮುಖ್ಯ ಭಾಗ ಇದೇ.

1956ರ ಆಗಸ್ಟ್‌ನಲ್ಲಿ ಸುಮ್ಮಾಮ್ ಕಣಿವೆಯಲ್ಲಿ ಎಫ್‌ಎಲ್‌ಎನ್ ನಾಯಕರು ಕದ್ದುಮುಚ್ಚಿ ಸಭೆ ಸೇರಿ ಎರಡು ಮಾತು ತೀರ್ಮಾನಿಸಿದ್ದರು. ಬಂದೂಕಿಗಿಂತ ರಾಜಕೀಯ ಮೇಲು. ಹೊರಗಿರುವವರಿಗಿಂತ ದೇಶದೊಳಗೆ ಹೋರಾಡುವವರು ಮೇಲು. ಇದರ ಹಿಂದಿದ್ದ ಅಬಾನ್ ರಮ್ದಾನ್ ಅವರನ್ನು ಮರುವರ್ಷವೇ ಮೊರಾಕ್ಕೊದಲ್ಲಿ ಜೊತೆಗಾರರೇ ಕೊಂದರು.

ಯುದ್ಧವೂ ಆ ತೀರ್ಮಾನವನ್ನು ತಲೆಕೆಳಗು ಮಾಡಿತು. ಟ್ಯುನೀಷಿಯಾ ಗಡಿಯುದ್ದಕ್ಕೂ ಫ್ರೆಂಚರು 5,000 ವೋಲ್ಟ್ ಹರಿಯುವ ತಂತಿಬೇಲಿ ಹಾಕಿದ್ದರು, ಅದರ ಸುತ್ತ ನೆಲಬಾಂಬು. ಒಳಗಿದ್ದವರಿಗೆ ಆಯುಧ ಬರುವುದು ನಿಂತುಹೋಯಿತು. ಅವರು ಬೆಟ್ಟಗಳಲ್ಲಿ ಹಸಿದು ಸತ್ತರು, ಗುಂಡಿಗೆ ಬಿದ್ದರು. ಗಡಿಯಾಚೆ ಎಫ್‌ಎಲ್‌ಎನ್‌ನ ಸೇನಾ ಮುಖ್ಯಸ್ಥ ಬೂಮೆದಿಯನ್ ಕಟ್ಟಿದ ಸೇನೆ ಮಾತ್ರ ಹೆಚ್ಚು ಸವೆಯದೆ ಹಾಗೇ ಉಳಿಯಿತು. 1962ರ ಬೇಸಿಗೆಯಲ್ಲಿ ಆ ಸೇನೆ ಎಫ್‌ಎಲ್‌ಎನ್ ಸ್ಥಾಪಕರಲ್ಲೊಬ್ಬರಾದ ಬೆನ್ ಬೆಲ್ಲಾ ಪರವಾಗಿ ಅಲ್ಜೀರ್ಸ್ ಕಡೆ ಹೊರಟಿತು. ಒಳಗಿನ ಹೋರಾಟಗಾರರ ಪಡೆಗಳು ಅಡ್ಡ ನಿಂತವು. ಸ್ವಾತಂತ್ರ್ಯ ಬಂದು ಎರಡು ತಿಂಗಳೂ ಆಗಿರಲಿಲ್ಲ, ಅಣ್ಣತಮ್ಮಂದಿರೇ ಗುಂಡು ಹಾರಿಸಿಕೊಂಡರು. ಜನ ಬೀದಿಗಿಳಿದು 'ಏಳು ವರ್ಷ ಸಾಕು' ಅಂತ ಕೂಗಿದರು. ಎಷ್ಟು ದಣಿದಿರಬೇಕು ಆ ಜನ, ಅಲ್ವಾ?

ಸೆಪ್ಟೆಂಬರ್‌ನಲ್ಲಿ ಚುನಾವಣೆ ಏನೋ ನಡೆಯಿತು, ಬೆನ್ ಬೆಲ್ಲಾ ಪ್ರಧಾನಿಯಾದರು. ಬೂಮೆದಿಯನ್ ರಕ್ಷಣಾ ಸಚಿವ. ಆದರೆ ಗೆದ್ದು ಬಂದ ಸಂವಿಧಾನ ಸಭೆಗೆ ಸಂವಿಧಾನ ಬರೆಯುವ ಅವಕಾಶವೇ ಸಿಗಲಿಲ್ಲ. 1963ರಲ್ಲಿ ಕರಡಿಗೆ ಮೊದಲು ಒಪ್ಪಿಗೆ ಸಿಕ್ಕಿದ್ದು ಅಲ್ಜೀರ್ಸ್‌ನ ಒಂದು ಸಿನಿಮಾ ಮಂದಿರದಲ್ಲಿ ಸೇರಿದ್ದ ಎಫ್‌ಎಲ್‌ಎನ್ ಪಕ್ಷದ ಕಾರ್ಯಕರ್ತರಿಂದ. ಸಂವಿಧಾನ ಸಭೆಯ ಅಧ್ಯಕ್ಷ ಫರ್ಹತ್ ಅಬ್ಬಾಸ್ ಇದನ್ನು ಒಪ್ಪದೆ ರಾಜೀನಾಮೆ ಕೊಟ್ಟರು. 1965ರ ಜೂನ್ 19ರಂದು ಬೂಮೆದಿಯನ್ ಬೆನ್ ಬೆಲ್ಲಾ ಅವರನ್ನೂ ಇಳಿಸಿ ತಾವೇ ಕುರ್ಚಿ ಹಿಡಿದರು.